‘ಗುಣವಾಯಿತು’ ಎಂಬ ಮಾತಿನ ಲೆಕ್ಕ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕನ್ನಡ ಪಂಡಿತನೊಬ್ಬನು ನಿಂತನೆಂದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತನಾಡುವನೆಂದು ತಾವು ಎದುರುನೋಡುವುದು ಸಹಜವೇ. ಹಿಂದಿನ ವರ್ಷಗಳಲ್ಲಿ ನಾವು ಮಾಡಿಕೊಂಡು ಬಂದುದೂ ಅದನ್ನೇ. ಈ ವರ್ಷ ವಿಷಯವಾವುದೆಂದು ಕಾರ್ಯದರ್ಶಿಗಳು ಕೇಳಿದಾಗ, ಲಿಂಫೋಮಾ ಎಂಬ ರೋಗಕ್ಕೆ ತುತ್ತಾದವರಲ್ಲಿ ಎಷ್ಟು ಮಂದಿ ಬದುಕುತ್ತಾರೆ, ಎಷ್ಟು ಮಂದಿ ನಿಜವಾಗಿ ಗುಣ ಹೊಂದುತ್ತಾರೆ ಎಂಬುದನ್ನು ಸಂಖ್ಯಾಶಾಸ್ತ್ರವು ಲೆಕ್ಕ ಹಾಕುವ ಬಗೆಯನ್ನು ಕುರಿತು ಎಂದೆವು. ಅವರು ಒಂದು ಕ್ಷಣ ಸುಮ್ಮನಿದ್ದು, “ಆಗಲಿ ಪಂಡಿತರೇ” ಎಂದರು. ಆ ಒಂದು ಕ್ಷಣದ ಮೌನವು ತಮ್ಮ ಮುಖಗಳಲ್ಲಿಯೂ ಈಗ ಕಾಣುತ್ತಿದೆ.

ನಾವು ವೈದ್ಯರಲ್ಲ, ಗಣಿತಜ್ಞರೂ ಅಲ್ಲ. ಆದರೂ ಈ ವಿಷಯಕ್ಕೆ ಕೈಹಾಕಿದುದಕ್ಕೆ ಕಾರಣವುಂಟು. ಒಂದು ಮಾತಿನ ಅರ್ಥವನ್ನು ತಪ್ಪಾಗಿ ಗ್ರಹಿಸಿದುದರಿಂದ ನಮ್ಮ ರಾಯದುರ್ಗದ ಸೀಮೆಯ ಒಂದು ಮನೆಯವರು ತಿಂಗಳುಗಟ್ಟಲೆ ನಿದ್ದೆಗೆಟ್ಟುದನ್ನು ನಾವು ಕಂಡೆವು. ಮಾತಿನ ಅರ್ಥವನ್ನು ಬಿಡಿಸಿ ಹೇಳುವುದು ನಮ್ಮ ಕಸುಬು. ಆದುದರಿಂದ ಈ ಭಾಷಣವನ್ನು ಒಂದು ಪದಪ್ರಯೋಗದ ವ್ಯಾಖ್ಯಾನವೆಂದೇ ತಾವು ಭಾವಿಸಬೇಕೆಂದು ಪ್ರಾರ್ಥನೆ.

ನಮ್ಮಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದಿನ ಓದಿಗೆಂದು ಬಳ್ಳಾರಿಗೆ ಹೋದ ಹುಡುಗನೊಬ್ಬನಿದ್ದಾನೆ. ಹೆಸರು ಬೇಡ. ಅವನ ಕುತ್ತಿಗೆಯ ಬದಿಯಲ್ಲಿ ನೋವಿಲ್ಲದ ಒಂದು ಗಂಟು ಎದ್ದಿತು. ಸಂಜೆಯಾದರೆ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ದಿನದಿಂದ ದಿನಕ್ಕೆ ಇಳಿಯುವ ಮೈ. ದೂರದ ದೊಡ್ಡ ಆಸ್ಪತ್ರೆಯಲ್ಲಿ ಗಂಟನ್ನು ತೆಗೆದು ಪರೀಕ್ಷಿಸಿ, ಇದು ಹಾಡ್ಜ್‌ಕಿನ್ ಲಿಂಫೋಮಾ ಎಂದರು. ಆರು ತಿಂಗಳು ಔಷಧ ನಡೆಯಿತು. ಗಂಟು ಕರಗಿತು, ಜ್ವರ ನಿಂತಿತು, ಉದುರಿದ ಕೂದಲು ಮತ್ತೆ ಬೆಳೆಯಿತು. ಎಲ್ಲರೂ ಸಂತೋಷಪಡುತ್ತಿದ್ದ ಆ ಹೊತ್ತಿನಲ್ಲಿ ಯಾರೋ ಕೊಟ್ಟ ಒಂದು ಇಂಗ್ಲಿಷ್ ಹಾಳೆಯನ್ನು ಯಾರೋ ಅರ್ಧಂಬರ್ಧ ಓದಿ ಹೇಳಿದರು. ಅದರಲ್ಲಿ ‘ಐದು ವರ್ಷದ ಉಳಿವು’ ಎಂದಿತ್ತು. ತಾಯಿ ಅದನ್ನು ‘ಉಳಿದಿರುವುದು ಐದೇ ವರ್ಷ’ ಎಂದು ತಿಳಿದಳು.

ಯುಗಾದಿ ಬಂದರೆ ಎಲ್ಲರ ಲೆಕ್ಕಕ್ಕೂ ಒಂದು ವರ್ಷ ಕೂಡುತ್ತದೆ. ಆ ತಾಯಿಯ ಲೆಕ್ಕದಲ್ಲಿ ಒಂದು ಕಳೆಯಿತು. ಹಬ್ಬದ ಮರುದಿನ ಅವಳು ನಮ್ಮ ಮನೆಗೆ ಬಂದು, “ಐದು ವರ್ಷ ಅಂತ ಬರೆದಾರಂತಲ್ಲ ಮೇಷ್ಟ್ರೇ, ಒಂದು ಆಗಲೇ ಹೋಯ್ತಲ್ಲ” ಎಂದಳು. ಹುಡುಗನಾದರೋ ಇನ್ನೂ ತಣ್ಣಗೆ ಕೇಳಿದನು: “ಬಿ.ಎ., ಬಿ.ಎಡ್. ಮುಗಿಯೋದಕ್ಕೇ ಐದು ವರ್ಷ ಬೇಕು ಸಾರ್. ಆಮೇಲೆ ಯಾವ ಶಾಲೆ?” ನಮಗೆ ಉತ್ತರ ತೋಚಲಿಲ್ಲ. ಅಂದಿನಿಂದ ಈ ಲೆಕ್ಕದ ಬೆನ್ನು ಹತ್ತಿದೆವು. ನಮ್ಮ ಶಾಲೆಯ ಗಣಿತದ ಸಹೋದ್ಯೋಗಿಯೊಬ್ಬರು ಸಂಜೆಗಳನ್ನು ನಮಗಾಗಿ ವ್ಯಯಿಸಿದರು.

ಮೊದಲು ರೋಗದ ವಿಷಯ ಎರಡು ಮಾತು. ನಮ್ಮ ದೇಹದಲ್ಲಿ ರಕ್ತನಾಳಗಳಂತೆಯೇ ದುಗ್ಧರಸವನ್ನು ಒಯ್ಯುವ ನಾಳಗಳೂ, ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಆ ರಸವನ್ನು ಸೋಸುವ ಸಣ್ಣ ಗ್ರಂಥಿಗಳೂ ಇವೆ. ಅಲ್ಲಿ ಕಾವಲಿರುವ ಬಿಳಿಯ ರಕ್ತಕಣಗಳೇ ಕಟ್ಟುಮೀರಿ ಬೆಳೆಯತೊಡಗಿದರೆ ಅದು ಲಿಂಫೋಮಾ. 1832ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್ಜ್‌ಕಿನ್ ಎಂಬ ವೈದ್ಯನು ಇಂತಹ ಏಳು ರೋಗಿಗಳ ವೃತ್ತಾಂತವನ್ನು ಬರೆದನು. 1865ರಲ್ಲಿ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬವನು ರೋಗಕ್ಕೆ ಹಾಡ್ಜ್‌ಕಿನ್ನನ ಹೆಸರನ್ನೇ ಇಟ್ಟನು. ಈ ಗುಂಪಿಗೆ ಸೇರದ ಇತರ ಲಿಂಫೋಮಾಗಳು ಹತ್ತಾರು ಬಗೆಯವು. ಎಲ್ಲಕ್ಕೂ ಒಂದೇ ಹೆಸರಿನ ನೆರಳಿದ್ದರೂ ಸ್ವಭಾವ ಒಂದೇ ಅಲ್ಲವೆಂಬುದನ್ನು ತಾವು ನೆನಪಿನಲ್ಲಿಡಬೇಕು.

ಇನ್ನು ಮಾತಿಗೆ ಬರೋಣ. ರೋಗ ಹೋಗುವುದಕ್ಕೆ ಕನ್ನಡದಲ್ಲಿ ಹಲವು ಮಾತುಗಳಿವೆ. ‘ವಾಸಿ’ ಎನ್ನುತ್ತೇವೆ, ‘ನಿನ್ನೆಗಿಂತ ಇಂದು ವಾಸಿ’ ಎಂಬಲ್ಲಿ ಅದು ಹೋಲಿಕೆಯ ಮಾತು. ‘ಗುಣವಾಯಿತು’ ಎನ್ನುತ್ತೇವೆ, ಅದು ಮುಗಿದ ಕಾರ್ಯವನ್ನು ಹೇಳುವ ಮಾತು. ಇವೆರಡರ ನಡುವೆ ‘ಗುಣಮುಖ’ ಎಂಬ ಅಂದವಾದ ಪದವೊಂದುಂಟು. ಗುಣದ ಕಡೆಗೆ ಮುಖ ಮಾಡಿದವನು ಗುಣಮುಖ. ಅವನು ದಾರಿಯಲ್ಲಿದ್ದಾನೆ, ಊರು ಸೇರಿದನೆಂದು ಅರ್ಥವಲ್ಲ. ಗಂಟು ಕರಗಿ, ಪರೀಕ್ಷೆಗಳಲ್ಲಿ ರೋಗದ ಗುರುತು ಕಾಣದೆ ಹೋದವನನ್ನು ವೈದ್ಯರು ಮೊದಲು ಗುಣಮುಖನೆಂದೇ ಕರೆಯತಕ್ಕದ್ದು. ಅವನು ಗುಣ ಹೊಂದಿದನೇ ಎಂಬ ಪ್ರಶ್ನೆಗೆ ಅಂದು ಉತ್ತರವಿಲ್ಲ. ಈ ಎರಡು ಪದಗಳ ನಡುವಣ ದೂರವನ್ನು ಅಳೆಯುವುದೇ ಸಂಖ್ಯಾಶಾಸ್ತ್ರದ ಕೆಲಸ.

‘ಐದು ವರ್ಷದ ಉಳಿವು ನೂರಕ್ಕೆ ಎಂಬತ್ತು’ ಎಂದರೇನು? ಒಂದು ಕಾಲದಲ್ಲಿ ಈ ರೋಗವೆಂದು ಗೊತ್ತಾದ ನೂರು ಮಂದಿಯಲ್ಲಿ ಐದು ವರ್ಷಗಳ ತರುವಾಯ ಎಂಬತ್ತು ಮಂದಿ ಜೀವಂತರಾಗಿದ್ದರು ಎಂದು, ಅಷ್ಟೆ. ಐದನೆಯ ಮೈಲಿಗಲ್ಲಿನ ಬಳಿ ಒಬ್ಬನು ಕುಳಿತು ದಾಟಿಹೋದವರನ್ನು ಎಣಿಸಿದಂತೆ. ಎಣಿಸುವವನು ಅಲ್ಲಿ ಕುಳಿತಿದ್ದಾನೆಂದ ಮಾತ್ರಕ್ಕೆ ದಾರಿ ಅಲ್ಲಿಗೆ ಮುಗಿಯಿತೆಂದು ಯಾರೂ ಹೇಳುವುದಿಲ್ಲ. ದಾಟಿದವರು ಮುಂದೆ ನಡೆಯುತ್ತಲೇ ಇದ್ದಾರೆ. ಮತ್ತೊಂದು ಮಾತೂ ಉಂಟು: ಆ ನೂರು ಮಂದಿ ಔಷಧ ಪಡೆದುದು ಕನಿಷ್ಠ ಐದು ವರ್ಷ ಹಿಂದೆ. ಆದುದರಿಂದ ಇಂತಹ ಅಂಕಿ ಯಾವಾಗಲೂ ಹಿಂದಿನ ಕಾಲದ ಚಿಕಿತ್ಸೆಯ ಫಲವನ್ನು ತಿಳಿಸುತ್ತದೆ. ಇದನ್ನು ಆ ತಾಯಿಗೆ ಹೇಳಿದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಹಂಗಾದ್ರೆ ಎಣಿಸೋದು ಬಿಡ್ಲಾ?” ಎಂದು ಕೇಳಿದಳು. “ಬಿಡು ತಾಯಿ” ಎಂದೆವು.

ಆದರೆ ಎಣಿಸುವವರು ಎಣಿಸುವುದನ್ನು ಬಿಡುವಂತಿಲ್ಲ. ಅವರ ಕಷ್ಟವೇನೆಂಬುದು ನಮ್ಮಂತಹ ಉಪಾಧ್ಯಾಯರಿಗೆ ಬಹುಬೇಗ ತಿಳಿಯುತ್ತದೆ. ಶಾಲೆಯ ಹಾಜರಿ ಪುಸ್ತಕವನ್ನು ನೆನೆಯಿರಿ. ಜೂನ್ ತಿಂಗಳಲ್ಲಿ ತರಗತಿಗೆ ಸೇರಿದ ಮಕ್ಕಳೆಲ್ಲರೂ ವರ್ಷದ ಕೊನೆಯವರೆಗೆ ಇರುವುದಿಲ್ಲ. ತಂದೆಗೆ ಬಳ್ಳಾರಿಯಲ್ಲಿ ಕೆಲಸ ಸಿಕ್ಕಿತೆಂದು ಒಬ್ಬನು ನಡುವೆಯೇ ಟಿ.ಸಿ. ಪಡೆದು ಹೋಗುತ್ತಾನೆ. ವರ್ಷಾಂತ್ಯದ ಫಲಿತಾಂಶದಲ್ಲಿ ಅವನನ್ನು ತೇರ್ಗಡೆಯಾದವನೆಂದು ಬರೆಯುವಿರೋ, ಅನುತ್ತೀರ್ಣನೆಂದು ಬರೆಯುವಿರೋ? ಎರಡೂ ತಪ್ಪು. ಅವನು ಇದ್ದಷ್ಟು ದಿನ ಇದ್ದನು, ಮುಂದಿನದು ತಿಳಿಯದು ಎಂಬುದೇ ಸತ್ಯ.

ರೋಗಿಗಳ ಲೆಕ್ಕದಲ್ಲಿಯೂ ಇದೇ ಸಂಕಟ. ಬರಿಯ ಉದಾಹರಣೆಗಾಗಿ ಹತ್ತು ಮಂದಿಯನ್ನು ಕಲ್ಪಿಸಿಕೊಳ್ಳೋಣ. ಮೊದಲ ವರ್ಷದಲ್ಲಿ ಇಬ್ಬರು ತೀರಿಕೊಂಡರು. ಎಂಟು ಮಂದಿ ಉಳಿದರು. ಆ ವರ್ಷ ಮುಗಿದೊಡನೆ ಇಬ್ಬರು ಊರು ಬಿಟ್ಟುಹೋದರು. ಅವರ ಸುದ್ದಿ ಮತ್ತೆ ಬರಲಿಲ್ಲ. ಉಳಿದ ಆರು ಮಂದಿಯಲ್ಲಿ ಎರಡನೆಯ ವರ್ಷ ಒಬ್ಬನು ತೀರಿಕೊಂಡನು, ಐವರು ಉಳಿದರು. ಎರಡು ವರ್ಷದ ಉಳಿವು ಎಷ್ಟು? ಊರು ಬಿಟ್ಟವರನ್ನು ಸತ್ತವರ ಜೊತೆ ಸೇರಿಸಿದರೆ ನೂರಕ್ಕೆ 50. ಅವರ ಹೆಸರನ್ನೇ ಹೊಡೆದುಹಾಕಿದರೆ ಎಂಟರಲ್ಲಿ ಐವರು, ಎಂದರೆ ನೂರಕ್ಕೆ 62.5. ಇಬ್ಬರೂ ಬದುಕಿಯೇ ಇದ್ದಾರೆಂದು ಹಿಡಿದರೆ ನೂರಕ್ಕೆ 70. ಸರಿಯಾದ ದಾರಿ ಬೇರೆ. ಮೊದಲ ವರ್ಷವನ್ನು ದಾಟುವ ಸಂಭವ ಹತ್ತರಲ್ಲಿ ಎಂಟು. ಎರಡನೆಯ ವರ್ಷ ನಮ್ಮ ಕಣ್ಣಮುಂದೆ ಇದ್ದವರು ಆರೇ ಮಂದಿ. ಅದನ್ನು ದಾಟುವ ಸಂಭವ ಆರರಲ್ಲಿ ಐದು. ಇವೆರಡನ್ನು ಗುಣಿಸಿದರೆ ನೂರಕ್ಕೆ ಸುಮಾರು 67. ಊರು ಬಿಟ್ಟವರು ಇದ್ದ ಕಾಲದ ಸಾಕ್ಷ್ಯ ವ್ಯರ್ಥವಾಗಲಿಲ್ಲ. ಇಲ್ಲದ ಕಾಲದ ಬಗ್ಗೆ ಸುಳ್ಳನ್ನೂ ಹೇಳಲಿಲ್ಲ.

ಮರಣದ ಲೆಕ್ಕವನ್ನು ಕೋಷ್ಟಕದಲ್ಲಿ ಇಡುವ ಪದ್ಧತಿ ಹಳೆಯದು. ಲಂಡನ್ನಿನ ಜಾನ್ ಗ್ರಾಂಟ್ 1662ರಲ್ಲಿಯೂ, ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿಯೂ ಅದಕ್ಕೆ ಅಡಿಪಾಯ ಹಾಕಿದರು. ಆದರೆ ಅರ್ಧಕ್ಕೆ ನಿಂತ ಲೆಕ್ಕವನ್ನು ಹೀಗೆ ಹೆಜ್ಜೆ ಹೆಜ್ಜೆಯಾಗಿ ಕೂಡಿಸುವ ಕ್ರಮವನ್ನು ಶಾಸ್ತ್ರೋಕ್ತವಾಗಿ ನಿಲ್ಲಿಸಿದವರು ಎಡ್ವರ್ಡ್ ಕ್ಯಾಪ್ಲನ್ ಮತ್ತು ಪಾಲ್ ಮೈಯರ್ ಎಂಬ ಅಮೆರಿಕದ ಇಬ್ಬರು. ಅವರ ಲೇಖನ ಪ್ರಕಟವಾದುದು 1958ರಲ್ಲಿ. ಮೈಯರ್ ರೋಗಿಗಳ ಆಯುಷ್ಯವನ್ನು ಯೋಚಿಸುತ್ತಿದ್ದರು; ಕ್ಯಾಪ್ಲನ್ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ, ಸಮುದ್ರದ ತಳದ ತಂತಿಗಳಲ್ಲಿ ಅಳವಡಿಸುವ ನಿರ್ವಾತ ನಳಿಗೆಗಳು ಎಷ್ಟು ಕಾಲ ಬಾಳುವುವೆಂದು ಯೋಚಿಸುತ್ತಿದ್ದರು. ಬೇರೆ ಬೇರೆಯಾಗಿ ಬರೆದುದನ್ನು ಪತ್ರಿಕೆಯ ಸಂಪಾದಕರ ಸಲಹೆಯಂತೆ ಒಂದಾಗಿಸಲು ಅವರಿಗೆ ನಾಲ್ಕು ವರ್ಷ ಹಿಡಿಯಿತು. ಅವರ ವಿಧಾನದಿಂದ ಬರೆದ ರೇಖೆ ಇಳಿಯುವ ಮೆಟ್ಟಿಲಿನಂತಿರುತ್ತದೆ. ಮರಣವಾದಲ್ಲೆಲ್ಲ ಒಂದು ಮೆಟ್ಟಿಲು ಕೆಳಕ್ಕೆ. ಸುದ್ದಿ ನಿಂತುಹೋದವರ ಗುರುತಾಗಿ ಮೆಟ್ಟಿಲಿನ ಮೇಲೆ ಒಂದು ಸಣ್ಣ ಗೀಟು. ಈ ಗೀಟನ್ನು ತಾವು ಮರೆಯಬಾರದು. ನಾವು ಮತ್ತೆ ಇದರ ಬಳಿಗೆ ಬರುತ್ತೇವೆ.

ಈಗ ನಮ್ಮ ಮುಖ್ಯ ಪ್ರಶ್ನೆ. ಉಳಿದವರಲ್ಲಿ ಗುಣ ಹೊಂದಿದವರು ಯಾರು? ಇಲ್ಲಿ ರೈತರಿಗೆ ತಿಳಿದ ಒಂದು ಮಾತಿನಿಂದ ಹೊರಡೋಣ. ಗರಿಕೆ ಹಬ್ಬಿದ ನೂರು ಹೊಲಗಳನ್ನು ಉತ್ತು, ಬೇರನ್ನೆಲ್ಲ ಆಯ್ದು ಹಾಕಿದಿರಿ ಎನ್ನಿ. ಅಂದು ಸಂಜೆ ನೂರು ಹೊಲವೂ ಒಂದೇ ರೀತಿ ಕಪ್ಪಗೆ, ಶುಭ್ರವಾಗಿ ಕಾಣುತ್ತವೆ. ಆದರೆ ಕೆಲವು ಹೊಲಗಳಲ್ಲಿ ಬೆರಳುದ್ದದ ಬೇರೊಂದು ಮಣ್ಣಿನೊಳಗೆ ಉಳಿದಿರುತ್ತದೆ. ಯಾವ ಹೊಲದಲ್ಲಿ ಎಂದು ಅಂದು ಯಾರೂ ಹೇಳಲಾರರು. ಒಂದು ಮಳೆ ಬರಬೇಕು, ಎರಡು ಮಳೆ ಬರಬೇಕು. ಚಿಗುರು ಕಾಣಿಸಿಕೊಳ್ಳುವ ಹೊಲಗಳು ಕಾಣಿಸಿಕೊಳ್ಳುತ್ತವೆ. ನಾಲ್ಕಾರು ಮಳೆ ಕಳೆದರೂ ಚಿಗುರದ ಹೊಲವನ್ನು ನೋಡಿ, ಬೇರು ಹೋಯಿತೆಂದು ರೈತನು ನಂಬುತ್ತಾನೆ.

ಗುಣಮುಖರಾದ ರೋಗಿಗಳ ಗುಂಪೂ ಹೀಗೆಯೇ. ಅದು ಹೊರಗೆ ಒಂದು ಗುಂಪು, ಒಳಗೆ ಎರಡು. 1949ರಲ್ಲಿ ಬೋಗ್ ಎಂಬ ಬ್ರಿಟಿಷ್ ವಿಜ್ಞಾನಿಯೂ, 1952ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಬರ್ಕ್ಸನ್ ಮತ್ತು ಗೇಜ್ ಎಂಬವರೂ ಈ ಎರಡು ಗುಂಪುಗಳನ್ನು ಲೆಕ್ಕದೊಳಗೆ ಬೇರ್ಪಡಿಸುವ ಸೂತ್ರಗಳನ್ನು ಕೊಟ್ಟರು. ಸೂತ್ರದ ಸಾರ ಇಷ್ಟೆ: ಒಟ್ಟು ಉಳಿದವರೆಂದರೆ ಗುಣ ಹೊಂದಿದವರು, ಮತ್ತು ಗುಣ ಹೊಂದದಿದ್ದರೂ ಇನ್ನೂ ಜೀವಿಸಿರುವವರು. ಮತ್ತೆ ಕಲ್ಪನೆಯ ಅಂಕಿಗಳನ್ನೇ ತೆಗೆದುಕೊಳ್ಳೋಣ. ನೂರು ಮಂದಿಯಲ್ಲಿ ಅರುವತ್ತು ಮಂದಿಯ ರೋಗ ಬೇರುಸಹಿತ ಹೋಗಿದೆ. ನಲವತ್ತು ಮಂದಿಯಲ್ಲಿ ಬೇರು ಉಳಿದಿದೆ. ಆ ನಲವತ್ತು ಮಂದಿ ವರ್ಷಕ್ಕೆ ಅರ್ಧದಂತೆ ಕಡಿಮೆಯಾಗುತ್ತಾರೆ ಎನ್ನೋಣ. ಬೇರೆ ಕಾರಣದ ಮರಣಗಳನ್ನು ಸದ್ಯಕ್ಕೆ ಬಿಡೋಣ. ಒಂದು ವರ್ಷದ ಬಳಿಕ ಒಟ್ಟು ಉಳಿದವರು 80, ಎರಡರ ಬಳಿಕ 70, ಮೂರರ ಬಳಿಕ 65. ರೇಖೆ ಮೊದಲು ಕಡಿದಾಗಿ ಇಳಿದು, ಕ್ರಮೇಣ ನಿಧಾನವಾಗಿ, ಅರುವತ್ತರ ಹತ್ತಿರ ಬಯಲಿನಂತೆ ಸಮತಟ್ಟಾಗುತ್ತದೆ. ಆ ಬಯಲಿನ ಎತ್ತರವೇ ಗುಣ ಹೊಂದಿದವರ ಪಾಲು.

ಇದರಲ್ಲಿ ಅಡಗಿರುವ ಇನ್ನೊಂದು ಸಂಗತಿಯನ್ನು ನಮ್ಮ ಗಣಿತದ ಮಿತ್ರರು ತೋರಿಸಿದಾಗ ನಾವು ಕುರ್ಚಿಯಿಂದ ಎದ್ದು ನಿಂತೆವು. ಮೊದಲ ದಿನ ಆ ನೂರರಲ್ಲಿ ಒಬ್ಬನನ್ನು ಕರೆದು, ನೀನು ಗುಣ ಹೊಂದಿರುವ ಸಂಭವವೆಷ್ಟೆಂದರೆ ನೂರಕ್ಕೆ 60 ಎನ್ನಬೇಕು. ಒಂದು ವರ್ಷ ದಾಟಿದವನಿಗೆ, 80ರಲ್ಲಿ 60, ಎಂದರೆ ನೂರಕ್ಕೆ 75. ಎರಡು ವರ್ಷ ದಾಟಿದವನಿಗೆ ನೂರಕ್ಕೆ ಸುಮಾರು 86. ಮೂರು ವರ್ಷ ದಾಟಿದವನಿಗೆ, 65ರಲ್ಲಿ 60, ಎಂದರೆ ನೂರಕ್ಕೆ 92. ಮನುಷ್ಯನು ಅವನೇ, ಔಷಧವೂ ಅದೇ. ಅವನು ಬದುಕಿದ ಒಂದೊಂದು ವರ್ಷವೂ ಅವನ ಪರವಾಗಿ ಸಾಕ್ಷಿ ಹೇಳುತ್ತಿದೆ. ತಾಯಿ ಯುಗಾದಿಗೆ ಒಂದನ್ನು ಕಳೆದಳಲ್ಲವೇ? ಇಂತಹ ರೋಗದಲ್ಲಿ ಯುಗಾದಿಗೆ ಕೂಡಬೇಕೇ ಹೊರತು ಕಳೆಯಬಾರದು.

ಹಾಗಾದರೆ ‘ಗುಣವಾಯಿತು’ ಎಂದು ಎಂದಿಗೆ ಹೇಳಬಹುದು? 1963ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಈಸನ್ ಮತ್ತು ರಸೆಲ್ ಎಂಬ ಇಬ್ಬರು ಹಾಡ್ಜ್‌ಕಿನ್ ರೋಗಿಗಳ ದೀರ್ಘಕಾಲದ ಲೆಕ್ಕವನ್ನು ಮುಂದಿಟ್ಟು ಇದಕ್ಕೆ ಉತ್ತರ ಕೊಟ್ಟರು. ಅವರ ಅಭಿಪ್ರಾಯವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಚಿಕಿತ್ಸೆ ಪಡೆದವರಲ್ಲಿ ರೋಗದ ಗುರುತಿಲ್ಲದ ಒಂದು ಗುಂಪು ಉಳಿದು, ಆ ಗುಂಪಿನಲ್ಲಿ ವರ್ಷೇ ವರ್ಷೇ ಆಗುವ ಮರಣಗಳು ಅದೇ ವಯಸ್ಸಿನ ಸಾಮಾನ್ಯ ಜನರಲ್ಲಿ ಆಗುವಷ್ಟೇ ಆದರೆ, ಆ ರೋಗಕ್ಕೆ ಗುಣವುಂಟೆಂದು ಹೇಳಬಹುದು. ಗುಣ ಹೊಂದಿದವನೂ ಅಮರನಲ್ಲ. ನೆರೆಮನೆಯವನಂತೆಯೇ ಅವನಿಗೂ ಒಂದು ದಿನ ಕಾಲ ಬರುತ್ತದೆ. ನೆರೆಮನೆಯವನಿಗಿಂತ ಬೇಗ ಬರುವುದಿಲ್ಲ ಎಂಬುದೇ ಗುಣ. ಇದಕ್ಕಿಂತ ಪ್ರಾಮಾಣಿಕವಾದ ಅರ್ಥವಿವರಣೆಯನ್ನು ನಾವು ಯಾವ ನಿಘಂಟಿನಲ್ಲಿಯೂ ಕಂಡಿಲ್ಲ.

ಆ ಬಯಲು ತಾನಾಗಿ ಉಂಟಾದುದಲ್ಲ. ಟೊರಾಂಟೊ ನಗರದ ವೀರಾ ಪೀಟರ್ಸ್ ಎಂಬ ವೈದ್ಯೆ, ರೋಗ ಇನ್ನೂ ಹರಡದಿರುವಾಗ ಸಾಕಷ್ಟು ಕ್ಷಕಿರಣ ಕೊಟ್ಟರೆ ಹಾಡ್ಜ್‌ಕಿನ್ ರೋಗಿಗಳು ದೀರ್ಘಕಾಲ ಬದುಕುವರೆಂದು 1950ರಲ್ಲಿ ಅಂಕಿಗಳಿಂದ ತೋರಿಸಿದರು. ಹರಡಿದ ರೋಗಕ್ಕೂ ನಾಲ್ಕು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವನ್ನು ಅಮೆರಿಕದ ವಿನ್ಸೆಂಟ್ ಡಿವಿಟಾ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದರು; ಅವರ 43 ರೋಗಿಗಳಲ್ಲಿ 35 ಮಂದಿಯಲ್ಲಿ ರೋಗದ ಗುರುತೇ ಇಲ್ಲವಾಯಿತು. ಆ ನಾಲ್ಕರಲ್ಲಿ ಒಂದಾದ ವಿನ್‌ಕ್ರಿಸ್ಟೀನ್ ಔಷಧವೂ, ನಮ್ಮ ಹುಡುಗನಿಗೆ ಕೊಟ್ಟ ವಿನ್‌ಬ್ಲಾಸ್ಟಿನ್ ಔಷಧವೂ ದೊರೆತುದು ಒಂದು ಹೂಗಿಡದಿಂದ. ಮಡಗಾಸ್ಕರ್ ದ್ವೀಪದಿಂದ ಹೊರಟು ನಮ್ಮ ಅಂಗಳಗಳಲ್ಲೆಲ್ಲ ನೆಲೆಯೂರಿರುವ ನಿತ್ಯಪುಷ್ಪವೇ ಅದು. ನಮ್ಮ ಶಾಲೆಯ ಬಾವಿಕಟ್ಟೆಯ ಪಕ್ಕದಲ್ಲಿಯೂ ಇದೆ. ಔಷಧವೆಂದು ಯಾರೂ ಅದರ ಎಲೆಯನ್ನು ಅಗಿಯತಕ್ಕದ್ದಲ್ಲ. ಅದು ವಿಷವೂ ಹೌದು.

ಹೊಸ ಔಷಧವೊಂದು ಬಂದಾಗ ಸಂಖ್ಯಾಶಾಸ್ತ್ರಜ್ಞನು ಕೇಳುವ ಪ್ರಶ್ನೆ ಸೂಕ್ಷ್ಮವಾದುದು. ಅದು ಮರಣವನ್ನು ಮುಂದೂಡಿತೋ, ಗುಣ ಹೊಂದುವವರ ಪಾಲನ್ನೇ ಹೆಚ್ಚಿಸಿತೋ? ಮೊದಲನೆಯದಾದರೆ ಹಳೆಯ ಹೊಸ ರೇಖೆಗಳೆರಡೂ ಕೆಲಕಾಲ ಅಗಲಿ ಮತ್ತೆ ಕೂಡಿಕೊಳ್ಳುತ್ತವೆ. ಎರಡನೆಯದಾದರೆ ಅಗಲಿದವು ಅಗಲಿಯೇ ಉಳಿಯುತ್ತವೆ. ಡಿಫ್ಯೂಸ್ ಲಾರ್ಜ್ ಬಿ ಸೆಲ್ ಎಂಬ ವೇಗವಾಗಿ ಬೆಳೆಯುವ ಲಿಂಫೋಮಾಕ್ಕೆ ಹಳೆಯ ಔಷಧಗಳೊಡನೆ ರಿಟುಕ್ಸಿಮ್ಯಾಬ್ ಎಂಬ ಹೊಸದನ್ನು ಸೇರಿಸಿ, ಫ್ರಾನ್ಸಿನ ಕ್ವಾಫಿಯೆ ಎಂಬವರ ನೇತೃತ್ವದಲ್ಲಿ 60ರಿಂದ 80 ವರ್ಷ ವಯಸ್ಸಿನ 399 ಮಂದಿಯ ಮೇಲೆ ಪರೀಕ್ಷೆ ನಡೆಯಿತು. 2002ರಲ್ಲಿ ಪ್ರಕಟವಾದಂತೆ, ಎರಡು ವರ್ಷದ ಉಳಿವು ಹೊಸ ಕ್ರಮದಲ್ಲಿ ನೂರಕ್ಕೆ 70, ಹಳೆಯದರಲ್ಲಿ 57. ಹತ್ತು ವರ್ಷಗಳ ಲೆಕ್ಕ 2010ರಲ್ಲಿ ಬಂದಾಗ ಅವು 43.5 ಮತ್ತು 27.6. ವೃದ್ಧರಾದುದರಿಂದ ಎರಡು ರೇಖೆಗಳೂ ಇಳಿದಿದ್ದವು. ಆದರೆ ನಡುವಣ ಅಂತರ ಮುಚ್ಚಿಹೋಗಲಿಲ್ಲ. 2014ರಲ್ಲಿ ಮೇಯೋ ಕ್ಲಿನಿಕ್ಕಿನವರೂ ಸೇರಿ ಅಮೆರಿಕ ಮತ್ತು ಫ್ರಾನ್ಸಿನ ಸಂಶೋಧಕರು ಇನ್ನೊಂದನ್ನು ಕಂಡರು: ಈ ಬಗೆಯ ಲಿಂಫೋಮಾ ಇದ್ದು, ರೋಗವೆಂದು ಗೊತ್ತಾದ ಮೇಲೆ 24 ತಿಂಗಳು ಮರುಕಳಿಸದೆ ದಾಟಿದವರ ಮುಂದಿನ ಉಳಿವು ಅದೇ ವಯಸ್ಸಿನ ಸಾಮಾನ್ಯ ಜನರ ಉಳಿವಿಗೆ ಬಹುಮಟ್ಟಿಗೆ ಸಮವಾಗಿತ್ತು. ಎರಡು ಮಳೆ ಕಳೆದ ಹೊಲದ ಮಾತೇ ಅದು.

ಇಲ್ಲಿ ಮೂರು ಎಚ್ಚರಿಕೆಗಳನ್ನು ಹೇಳದಿದ್ದರೆ ನಾವು ಅರ್ಧ ಪಾಠ ಮಾಡಿದಂತಾಗುತ್ತದೆ. ಮೊದಲನೆಯದು: ಎಲ್ಲ ಲಿಂಫೋಮಾದ ರೇಖೆಯೂ ಬಯಲಿಗೆ ಬರುವುದಿಲ್ಲ. ಫಾಲಿಕ್ಯುಲರ್ ಎಂಬ ಬಗೆ ನಿಧಾನವಾಗಿ ಬೆಳೆಯುತ್ತದೆ. ಅನೇಕರು ಬಹಳ ವರ್ಷ ಅದರೊಡನೆ ಬಾಳುತ್ತಾರೆ. ಆದರೆ ಅದು ತಡವಾಗಿಯೂ ಮರುಕಳಿಸುವುದುಂಟು. ದೀರ್ಘಾಯುಷ್ಯ ಬೇರೆ, ಗುಣ ಬೇರೆ. ಎರಡನೆಯದು: ಸ್ವಲ್ಪ ಕಾಲವಷ್ಟೇ ನೋಡಿ ಬಯಲು ಕಂಡೆವೆನ್ನುವುದು ಮೋಸ. ರೇಖೆಯ ಕೊನೆಯಲ್ಲಿ ಉಳಿದಿರುವವರು ಕೆಲವೇ ಮಂದಿ. ಒಬ್ಬನ ಮರಣದಿಂದ ಬಯಲು ಹಳ್ಳವಾಗಬಹುದು. ಮೂರನೆಯದು: ಹಾಡ್ಜ್‌ಕಿನ್ ರೋಗದಿಂದ ಪಾರಾದವರಲ್ಲಿ ಕೆಲವರಿಗೆ ಹಿಂದೆ ಪಡೆದ ಕ್ಷಕಿರಣ ಔಷಧಗಳ ಫಲವಾಗಿ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಹೃದಯದ ತೊಂದರೆಯೋ ಬೇರೊಂದು ಕ್ಯಾನ್ಸರೋ ಬಂದುದುಂಟು. ದೀರ್ಘಕಾಲ ಎಣಿಸಿದುದರಿಂದಲೇ ಅದು ತಿಳಿಯಿತು. ತಿಳಿದುದರಿಂದಲೇ ಇಂದಿನ ಚಿಕಿತ್ಸೆಯಲ್ಲಿ ಕ್ಷಕಿರಣದ ಪ್ರಮಾಣವನ್ನೂ ವ್ಯಾಪ್ತಿಯನ್ನೂ ತಗ್ಗಿಸಿದ್ದಾರೆ.

ವಯಸ್ಸು, ರೋಗದ ಹಂತ ಮುಂತಾದುವು ಉಳಿವನ್ನು ಹೇಗೆ ಬದಲಿಸುತ್ತವೆಂದು ಒಟ್ಟಿಗೆ ತೂಗಿ ನೋಡುವ ವಿಧಾನವನ್ನು 1972ರಲ್ಲಿ ಡೇವಿಡ್ ಕಾಕ್ಸ್ ಎಂಬ ಇಂಗ್ಲಿಷ್ ಪಂಡಿತರು ಕೊಟ್ಟರು. ಈ ಸಂದರ್ಭದಲ್ಲಿ ನಮ್ಮ ಸೀಮೆಗೆ ಹತ್ತಿರದ ಒಂದು ಹೆಸರನ್ನು ಸ್ಮರಿಸಬೇಕು. ಎರಡು ಚಿಕಿತ್ಸೆಗಳ ಉಳಿವಿನ ರೇಖೆಗಳು ನಿಜವಾಗಿ ಬೇರೆಯೋ, ಆಕಸ್ಮಿಕವಾಗಿ ಬೇರೆಯಾಗಿ ಕಂಡವೋ ಎಂದು ನಿರ್ಣಯಿಸಲು ಲೋಕದ ಎಲ್ಲ ಕಡೆ ಬಳಸುವ ಒಂದು ಪರೀಕ್ಷೆಯಿದೆ. ಕಾಕ್ಸರ ವಿಧಾನದೊಳಗಿಟ್ಟು ನೋಡಿದರೆ ಅದು ಸಿ. ಆರ್. ರಾವ್ ಅವರು 1948ರಲ್ಲಿ ರೂಪಿಸಿದ ಪರೀಕ್ಷಾತತ್ತ್ವದ ಒಂದು ರೂಪವೇ ಆಗುತ್ತದೆ. ರಾಯರು 1920ರಲ್ಲಿ ಹುಟ್ಟಿದುದು ಹಡಗಲಿಯಲ್ಲಿ. ಅಂದು ಹಡಗಲಿಯೂ ನಮ್ಮ ರಾಯದುರ್ಗವೂ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರಲ್ಲಿ ಗೆರೆ ಬಿದ್ದು ಹಡಗಲಿ ಆ ಕಡೆಗೂ ನಾವು ಈ ಕಡೆಗೂ ಆದೆವು. ರಾಯರ ಮನೆಮಾತು ತೆಲುಗು, ಹುಟ್ಟಿದ ನೆಲ ಕನ್ನಡ, ವಿದ್ಯೆ ಲೋಕದ್ದು. 102 ವರ್ಷ ಬಾಳಿ 2023ರಲ್ಲಿ ಅವರು ತೀರಿಕೊಂಡರು. ಗಡಿಯ ಮಕ್ಕಳು ಇದನ್ನು ತಿಳಿದಿರುವುದು ಒಳ್ಳೆಯದು.

ಈಗ ಆ ಸಣ್ಣ ಗೀಟಿನ ಬಳಿಗೆ ಬರೋಣ. ಇದು ನಮ್ಮ ತಪ್ಪೊಪ್ಪಿಗೆಯೂ ಹೌದು. ಚಿಕಿತ್ಸೆ ಮುಗಿದ ಎರಡನೆಯ ವರ್ಷ ಆ ಹುಡುಗನು ನಮ್ಮಲ್ಲಿಗೆ ಬಂದು, ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕಾದ ದಿನವೂ ಕಾಲೇಜಿನ ಪರೀಕ್ಷೆಯೂ ಒಂದೇ ವಾರ ಬಂದಿವೆ ಎಂದನು. “ಚೆನ್ನಾಗಿಯೇ ಇದ್ದೀಯಲ್ಲಪ್ಪಾ, ಪರೀಕ್ಷೆ ಮುಗಿಸು, ಆಮೇಲೆ ಹೋದರಾಯಿತು” ಎಂದು ಹೇಳಿದವರು ನಾವೇ. ಪರೀಕ್ಷೆ ಮುಗಿಯಿತು; ಬಸ್ಸಿನ ಖರ್ಚು, ತಾಯಿಯ ಎರಡು ದಿನದ ಕೂಲಿ ಅಡ್ಡ ಬಂದವು. ಫೋನಿನ ನಂಬರು ಬದಲಾಯಿತು. ಬಾಡಿಗೆಯ ಮನೆಯೂ ಬದಲಾಯಿತು. ಹೀಗೆ ಒಂದು ವರ್ಷ ಕಳೆಯಿತು. ಒಂದು ಸಂಜೆ ಗಣಿತದ ಮಿತ್ರರು ಕ್ಯಾಪ್ಲನ್-ಮೈಯರ್ ರೇಖೆಯ ಮೇಲಿನ ಗೀಟುಗಳನ್ನು ತೋರಿಸಿ, “ಇವರೆಲ್ಲ ಸುದ್ದಿಯಿಲ್ಲದವರು” ಎಂದಾಗ ನಮಗೆ ಥಟ್ಟನೆ ಹೊಳೆಯಿತು. ನಮ್ಮ ಹುಡುಗನೂ ಯಾವುದೋ ಆಸ್ಪತ್ರೆಯ ಪುಸ್ತಕದಲ್ಲಿ ಅಂತಹ ಒಂದು ಗೀಟಾಗಿ ನಿಂತಿದ್ದಾನೆ. ಆ ಗೀಟನ್ನು ಎಳೆದ ಕೈ ನಮ್ಮದು.

ಲೆಕ್ಕದ ದೃಷ್ಟಿಯಿಂದಲೂ ಇದು ಸಣ್ಣ ಮಾತಲ್ಲ. ಕ್ಯಾಪ್ಲನ್-ಮೈಯರ್ ಕ್ರಮವು ಒಂದು ನಂಬಿಕೆಯ ಮೇಲೆ ನಿಂತಿದೆ: ಬಿಟ್ಟುಹೋದವರ ಗತಿಯೂ ಉಳಿದವರ ಗತಿಯಂತೆಯೇ ಇರುವುದೆಂಬ ನಂಬಿಕೆ. ಬಡವರು, ದೂರದ ಹಳ್ಳಿಯವರು, ಆಸ್ಪತ್ರೆಯ ಭಾಷೆ ತಿಳಿಯದ ಗಡಿಯವರು ಹೆಚ್ಚಾಗಿ ಬಿಟ್ಟುಹೋದರೆ, ಉಳಿದ ಲೆಕ್ಕವು ಊರಿನವರ, ಉಳ್ಳವರ ಲೆಕ್ಕವಾಗುತ್ತದೆ. ಮುಂದೆ ನಮ್ಮಂತಹ ಮನೆಯಲ್ಲಿ ಒಬ್ಬರಿಗೆ ಈ ರೋಗ ಬಂದಾಗ ವೈದ್ಯರು ಹೇಳುವ ಅಂಕಿಯಲ್ಲಿ ನಮ್ಮಂತಹವರು ಇರುವುದಿಲ್ಲ.

ಮರುದಿನವೇ ಅವನ ಹೊಸ ಮನೆಯನ್ನು ಹುಡುಕಿಕೊಂಡು ಹೋದೆವು. ತಪ್ಪು ನಮ್ಮದೆಂದು ತಾಯಿಯ ಎದುರಿಗೇ ಹೇಳಿದೆವು. ಆ ವಾರವೇ ಮೂವರೂ ಕೂಡಿ ಆಸ್ಪತ್ರೆಗೆ ಹೋದೆವು. ಪರೀಕ್ಷೆಗಳಾದುವು. ವೈದ್ಯರು ಕುತ್ತಿಗೆಯನ್ನು ಮುಟ್ಟಿ ನೋಡಿ, ಕಾಗದಗಳನ್ನು ತಿರುವಿ, ರೋಗದ ಗುರುತಿಲ್ಲವೆಂದು ಬರೆದು, ದಿನಾಂಕ ಹಾಕಿದರು. ಆ ದಿನಾಂಕಕ್ಕೆ ಎಷ್ಟು ಬೆಲೆಯೆಂದು ಆ ಕೊಠಡಿಯಲ್ಲಿ ಬಲ್ಲವರು ವೈದ್ಯರೂ ನಾವೂ ಇಬ್ಬರೇ. ಇಂದಿಗೆ ಚಿಕಿತ್ಸೆ ಮುಗಿದು ಮೂರು ವರ್ಷಗಳ ಮೇಲಾಗಿದೆ. ನಮ್ಮ ಕಲ್ಪನೆಯ 92 ಅವನ ಅಂಕಿಯಲ್ಲ. ಅವನ ಅಂಕಿ ಏನೆಂದು ನಾವು ಹೇಳಲಾರೆವು. ಅವನು ಬಿ.ಎಡ್. ಅರ್ಜಿ ತುಂಬಿದ್ದಾನೆಂಬುದನ್ನು ಮಾತ್ರ ಹೇಳಬಲ್ಲೆವು.

ಸಭಾಸದರೇ, ತಮ್ಮಲ್ಲಿ ನಮ್ಮ ಬಿನ್ನಹಗಳು ಮೂರು. ಒಂದು: ಮನೆಯಲ್ಲಿ ಯಾರಿಗಾದರೂ ಇಂತಹ ರೋಗ ಬಂದರೆ, ಯಾವ ಬಗೆ, ಯಾವ ಹಂತ, ಹೇಳಿದ ಅಂಕಿ ಯಾರನ್ನು ಎಣಿಸಿ ಬಂದುದು ಎಂದು ವೈದ್ಯರನ್ನೇ ಕೇಳಿರಿ, ಅರ್ಧ ಓದಿದ ಹಾಳೆಯನ್ನು ನಂಬಬೇಡಿರಿ. ಎರಡು: ಮೈ ಚೆನ್ನಾಗಿದ್ದರೂ ಕರೆದ ದಿನ ತಪ್ಪದೆ ಹೋಗಿರಿ, ಮನೆಯೋ ಫೋನೋ ಬದಲಾದರೆ ಆಸ್ಪತ್ರೆಗೆ ತಿಳಿಸಿರಿ. ಮೂರು: ಅಲ್ಲಿಂದ ಬಂದ ಕಾಗದ ಇಂಗ್ಲಿಷಿನಲ್ಲಿರಲಿ, ತೆಲುಗಿನಲ್ಲಿರಲಿ, ತಿಳಿಯದಿದ್ದರೆ ಸಂಘದ ವಾಚನಾಲಯಕ್ಕೆ ತನ್ನಿರಿ. ಭಾನುವಾರ ಬೆಳಿಗ್ಗೆ ನಾವೂ ನಮ್ಮ ಗಣಿತದ ಮಿತ್ರರೂ ಅಲ್ಲಿ ಕುಳಿತಿರುತ್ತೇವೆ. ಓದಿ ಕನ್ನಡದಲ್ಲಿ ಹೇಳುತ್ತೇವೆ. ಕನ್ನಡ ಸಂಘವೆಂದರೆ ಹಾಡು ನಾಟಕಗಳಿಗೆ ಮಾತ್ರವಲ್ಲ. ತಾಯಿಯೊಬ್ಬಳು ತಪ್ಪು ಲೆಕ್ಕ ಹಾಕದಂತೆ ನೋಡಿಕೊಳ್ಳುವುದೂ ಭಾಷೆಯ ಸೇವೆಯೇ.